ಡ್ರೆಸ್ಸಿಂಗ್‌ಗೆ ಮೊದಲು ನೋವಿನ ಮಾತ್ರೆ ಕೇಳಿ

ಹಂಡೆಯ ಬಿಸಿನೀರು ಅಮ್ಮನ ತೊಡೆ ಮೇಲೆ ಚೆಲ್ಲಿತು. ಸುಟ್ಟ ದಿನವೂ ಅಮ್ಮ ಅಷ್ಟು ಅತ್ತಿರಲಿಲ್ಲ. ಅತ್ತಿದ್ದು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಬಿಚ್ಚುವಾಗ. ಒಣಗಿದ ಗಾಜ್ ಬಟ್ಟೆ ಗಾಯಕ್ಕೆ ಕಚ್ಚಿಕೊಂಡಿತ್ತು. ಅದನ್ನು ಹಾಗೇ ಎಳೆದರು. ರಕ್ತ ಜಿನುಗಿತು. ಅಮ್ಮ ನನ್ನ ಕೈ ಹಿಡಿದಿದ್ದ ಕಡೆ ನಾಲ್ಕು ಉಗುರಿನ ಗುರುತು ಸಂಜೆವರೆಗೂ ಹೋಗಲಿಲ್ಲ. "ಸ್ವಲ್ಪ ತಡ್ಕೊಳ್ಳಮ್ಮ, ಆಯ್ತು ಆಯ್ತು" ಅಂತ ಎಲ್ಲರೂ ಹೇಳಿದೆವು. ನಾನೂ ಹೇಳಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಡ್ರೆಸ್ಸಿಂಗ್ ದಿನ ಬಂದರೆ ಅಮ್ಮನಿಗೆ ಬೆಳಿಗ್ಗೆಯಿಂದ ಒಂದು ತುತ್ತೂ ಇಳಿಯುತ್ತಿರಲಿಲ್ಲ.

ಎರಡು ವಾರದ ನಂತರ ಬೇರೆ ಸಿಸ್ಟರ್ ಬಂದರು. ಅವರು ಮೊದಲು ಕೇಳಿದ್ದು, "ನೋವಿನ ಮಾತ್ರೆ ಎಷ್ಟೊತ್ತಿಗೆ ಕೊಟ್ರಿ?" ಡಾಕ್ಟರ್ ಬರೆದ ಮಾತ್ರೆ ನಮ್ಮ ಹತ್ತಿರ ಮೊದಲಿಂದಲೂ ಇತ್ತು. ಆದರೆ ನಾವು ಕೊಡುತ್ತಿದ್ದದ್ದು ಮನೆಗೆ ಬಂದ ಮೇಲೆ! ಪ್ಯಾರಾಸಿಟಮಾಲ್ ನುಂಗಿದರೆ ಅದು ಸರಿಯಾಗಿ ಹಿಡಿಯೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಯಾತನೆಯೆಲ್ಲ ಮುಗಿದ ಮೇಲೆ ಕೊಟ್ಟು ಏನು ಬಂತು?

ಆ ಸಿಸ್ಟರ್ ಫ್ಯಾನ್ ಆಫ್ ಮಾಡಿಸಿದರು. ತೆರೆದ ಗಾಯಕ್ಕೆ ಗಾಳಿ ತಾಗಿದರೂ ಉರಿ, ಅಲ್ವಾ? ಅಂಟಿದ ಬಟ್ಟೆಯ ಮೇಲೆ ಸಲೈನ್ ಸುರಿದು ನೆನೆಯಲು ಬಿಟ್ಟರು. "ಅಮ್ಮಾ, ಸಾಕು ಅನ್ಸಿದ್ರೆ ಕೈ ಎತ್ತಿ, ನಾನು ನಿಲ್ಲಿಸ್ತೀನಿ" ಅಂದರು. ಒಂದು ಕೈಯಲ್ಲಿ ಪಕ್ಕದ ಚರ್ಮವನ್ನು ಮೆತ್ತಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಅಮ್ಮ ಎರಡು ಸಲ ಕೈ ಎತ್ತಿದಳು. ಎರಡು ಸಲವೂ ಅವರು ನಿಲ್ಲಿಸಿದರು. ನೋವು ಪೂರ್ತಿ ಹೋಗಲಿಲ್ಲ, ನಿಜ. ಆದರೆ ಅಮ್ಮ ಕಿರುಚಲಿಲ್ಲ.

ಒಬ್ಬ ಸಿಸ್ಟರ್‌ಗೆ ಎಷ್ಟು ಹಾಸಿಗೆ ನೋಡಬೇಕು ಅಂತ ನನಗೂ ಗೊತ್ತು. ಆದರೆ ಬಟ್ಟೆ ನೆನೆಯುವಷ್ಟು ಹೊತ್ತು ಅವರು ಪಕ್ಕದವರನ್ನು ನೋಡಿಕೊಂಡು ಬರಬಹುದು. "ಗಾಯ ಅಂದ್ಮೇಲೆ ನೋವಿರಲ್ವಾ" ಅನ್ನುವ ಮಾತನ್ನು ಮಾತ್ರ ನಾನು ಇನ್ನು ಒಪ್ಪಲ್ಲ. ಒಣಬಟ್ಟೆ ಕಿತ್ತಾಗ ಆಗಷ್ಟೇ ಚಿಗುರುತ್ತಿರುವ ಮಾಂಸವೂ ಕಿತ್ತು ಬರುತ್ತದೆ. ಗಾಯ ಮಾಯುವುದು ಇನ್ನೂ ತಡವಾಗುತ್ತದೆ.

ಅಂಟದ ಡ್ರೆಸ್ಸಿಂಗ್ ದುಬಾರಿಯೇ ಆಗಬೇಕು ಅಂತಿಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯ ವೈದ್ಯರು ಸುಟ್ಟ ಗಾಯಕ್ಕೆ ಬಾಳೆ ಎಲೆಯ ಡ್ರೆಸ್ಸಿಂಗ್ ಬಳಸಿ, 2003ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ನಾವು ಊಟ ಮಾಡುವ ಅದೇ ಬಾಳೆ ಎಲೆ! ಎಲೆ ನುಣುಪು, ಹಾಗಾಗಿ ಗಾಯಕ್ಕೆ ಅಂಟಲ್ಲ. ಅವರು ಅದನ್ನು ಆಸ್ಪತ್ರೆಯಲ್ಲಿ ಕ್ರಿಮಿ ಇಲ್ಲದ ಹಾಗೆ ಸಿದ್ಧಮಾಡಿ ಬಳಸಿದ್ದು. ದಯವಿಟ್ಟು ಹಿತ್ತಲಿನ ಎಲೆ ಕೊಯ್ದು ಕಟ್ಟಬೇಡಿ. ಗಾಯಕ್ಕೆ ಅಂಟದ ಹಾಗೆ ವ್ಯಾಸಲೀನ್ ಸವರಿದ ಗಾಜ್ ಬಟ್ಟೆ (ವ್ಯಾಸಲೀನ್ ಗಾಜ್) ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಈ ಗಾಯಕ್ಕೆ ಆಗುತ್ತಾ ಅಂತ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಯಾರಿಗಾದರೂ ಡ್ರೆಸ್ಸಿಂಗ್ ನಡೀತಿದ್ದರೆ ನಾಳೆಯೇ ಕೇಳಿ: ಮೊದಲೇ ಯಾವ ಮಾತ್ರೆ ಕೊಡಬಹುದು, ಎಷ್ಟು ಹೊತ್ತಿಗೆ? ಮಾತ್ರೆ ಸಾಲದಿದ್ದರೆ ಅದನ್ನೂ ಹೇಳಿ. ದೊಡ್ಡ ಗಾಯಕ್ಕೆ ಇಂಜೆಕ್ಷನ್ ಇದೆ, ಮರಗಟ್ಟಿಸುವ ಔಷಧಿ ಇದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಗೊತ್ತಾಗಲ್ಲ ಅಂತ ಸುಮ್ನೆ ಬಿಡಬೇಡಿ, ಅವರನ್ನೂ ಕೇಳಿ ನೋಡಿ. ಮಾತು ಬಾರದ ಮಗುವಾದರೆ ಮುಖ ನೋಡುತ್ತಿರಿ.

ಕೊನೆಯ ಡ್ರೆಸ್ಸಿಂಗ್ ದಿನ ಅಮ್ಮ ಎರಡು ಇಡ್ಲಿ ತಿಂದು, ಮಾತ್ರೆ ನುಂಗಿ, "ನಡಿ, ಹೊತ್ತಾಯ್ತು" ಅಂತ ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.