ಮಳೆಗಾಲದ ಮೋರೆ

ಜೂನ್ ತಿಂಗಳಲ್ಲಿ ಮಡಿಕೇರಿಯ ಕಡೆ ಮಳೆ ಹಿಡಿದುಕೊಂಡಿತೆಂದರೆ ನನ್ನ ಮೋರೆಗೆ ಬಿದ್ದ ಗಂಟು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದವರೆಗೂ ಬಿಚ್ಚುವುದಿಲ್ಲ ಎಂಬುದು ಮನೆಯವರ ಹಳೆಯ ಆರೋಪ. ಆರೋಪ ಸುಳ್ಳಲ್ಲ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆಯ ವಾಸನೆ ಹೀರುತ್ತಾ ತೂಗುತ್ತಿರುವಾಗ, ಮಧ್ಯಾಹ್ನ ಹೋದ ಕರೆಂಟು ಮರುದಿನವೂ ಬಾರದಿರುವಾಗ, ತೋಟದಿಂದ ಬಂದು ಕಾಲ್ಚೀಲ ಬಿಚ್ಚಿದರೆ ಹೆಬ್ಬೆರಳ ಸಂದಿಯಲ್ಲಿ ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿದ ಜಿಗಣೆಯೊಂದು ಹಾಯಾಗಿ ಒರಗಿರುವಾಗ, ನಗುಮುಖ ಇಟ್ಟುಕೊಳ್ಳಬಲ್ಲವನು ಸಂತನಿರಬೇಕು, ಇಲ್ಲವೇ ಭಾನುವಾರ ಊರಿಗೆ ಹಿಂದಿರುಗುವ ಪ್ರವಾಸಿಯಿರಬೇಕು.

ಆದರೂ ಸಿಡುಕಿನ ಪರವಾಗಿ ನಾನು ಒಂದೆರಡು ಮಾತು ಹೇಳಬಲ್ಲೆ. ಕಳೆದ ವರ್ಷ ಕಕ್ಕಡ ಮಾಸದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ಕೊಡವ ತಿಂಗಳಲ್ಲಿ, ಗೊಬ್ಬರದ ಅಂಗಡಿಯಿಂದ ಬಿಲ್ಲು ಬಂತು. ಬಿಸಿಲ ದಿನವಾಗಿದ್ದರೆ ಮೇಲಿಂದ ಮೇಲೆ ಕಣ್ಣಾಡಿಸಿ ದುಡ್ಡು ಕೊಟ್ಟುಬಿಡುತ್ತಿದ್ದೆ. ಅಂದು ಇಡೀ ಲೋಕವೇ ನನ್ನ ಜೇಬಿಗೆ ಹೊಂಚು ಹಾಕಿದೆ ಎನ್ನಿಸುತ್ತಿದ್ದುದರಿಂದ ಸಾಲು ಸಾಲಿಗೂ ಬೆರಳಿಟ್ಟು ಓದಿದೆ. 6 ಚೀಲ ಇಳಿಸಿ 8 ಚೀಲಕ್ಕೆ ಲೆಕ್ಕ ಹಾಕಿದ್ದರು.

ಇದು ನನ್ನೊಬ್ಬನ ಅನುಭವವಲ್ಲ ಎಂದು ತಿಳಿದಾಗ ಸಮಾಧಾನವಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೋಸೆಫ್ ಫೋರ್ಗಾಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ಸಿಡ್ನಿಯ ಒಂದು ಅಂಗಡಿಯಲ್ಲಿ ಸಣ್ಣಪುಟ್ಟ ವಸ್ತುಗಳನ್ನಿಟ್ಟು, ಹೊರಬಂದ ಗಿರಾಕಿಗಳನ್ನು ಒಳಗೆ ಏನೇನು ಕಂಡಿರೆಂದು ಕೇಳಿದರು. ಬಿಸಿಲಿನ ದಿನ ಖುಷಿಯಾಗಿ ಬಂದವರಿಗಿಂತ ಮಳೆಯ ದಿನ ಮುಖ ಬಾಡಿಸಿಕೊಂಡು ಬಂದವರಿಗೇ ಹೆಚ್ಚು ನೆನಪಿತ್ತು. ಮನಸ್ಸು ಹಗುರವಾಗಿದ್ದಾಗ ಎಲ್ಲವೂ ಸರಿಯಿದೆ ಎಂದು ನಂಬಿ ರೂಢಿಯ ದಾರಿಯಲ್ಲೇ ಸಾಗುತ್ತೇವೆ. ಬೇಸರವಾದಾಗ ಎಲ್ಲೋ ಏನೋ ತಪ್ಪಿದೆ ಎಂಬ ಸೂಚನೆ ಸಿಕ್ಕಂತಾಗಿ ಸುತ್ತಲಿನದನ್ನು ಎಚ್ಚರದಿಂದ ಗಮನಿಸುತ್ತೇವೆ ಎಂಬುದು ಅವರ ವಿವರಣೆ. ಆದರೆ ಹೊಸತೇನನ್ನಾದರೂ ಕಲ್ಪಿಸಬೇಕಾದ ಕೆಲಸಕ್ಕೆ ಖುಷಿಯ ಮನಸ್ಸೇ ವಾಸಿ ಎಂದೂ ಅವರೇ ಹೇಳಿದ್ದಾರೆ. ಈ ಎರಡನೆಯ ಮಾತನ್ನು ನಾನು ಮನೆಯಲ್ಲಿ ಹೇಳಿಲ್ಲ.

ಗೊಬ್ಬರದ ಕತೆಗೆ ಬಾಲವೊಂದಿದೆ. ತಪ್ಪು ಸಿಕ್ಕ ಉತ್ಸಾಹದಲ್ಲಿ ಫೋನು ಎತ್ತಿ ಕೂಗಾಡತೊಡಗಿದೆ. ಕಿವಿ ಬಿಸಿಯಾಯಿತು, ಕಪಾಲದ ನರ ಹೊಡೆದುಕೊಂಡಿತು, ಕೈಯಲ್ಲಿದ್ದ ಲೋಟ ನಡುಗಿ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅತ್ತಲಿನವರು ಶಾಂತವಾಗಿ, 'ಯಾವ ಸಾಲಿನಲ್ಲಿ ಸಾರ್?' ಎಂದು ಕೇಳಿದರೆ, ಎರಡು ನಿಮಿಷದ ಹಿಂದೆ ಬೆರಳಿಟ್ಟಿದ್ದ ಆ ಸಾಲು ಎಷ್ಟು ಹುಡುಕಿದರೂ ಕಣ್ಣಿಗೆ ಬೀಳಲಿಲ್ಲ. ಬೇಸರ ಹಿಡಿದುಕೊಟ್ಟ ತಪ್ಪನ್ನು ಸಿಟ್ಟು ಕೈಯಾರೆ ಕಳೆದುಹಾಕಿತ್ತು.

ಸಿಟ್ಟು ನೆತ್ತಿಗೇರಿದಾಗ ಅಡ್ರಿನಲಿನ್ ಉಕ್ಕುತ್ತದೆ, ರಕ್ತದೊತ್ತಡ ಏರುತ್ತದೆ, ಎದೆ ಜೋರಾಗಿ ಬಡಿದುಕೊಳ್ಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಹಾರ್ವರ್ಡ್‌ನ ಸಂಶೋಧಕರು 2014ರಲ್ಲಿ ಹೇಳಿದ ಪ್ರಕಾರ, ಸಿಟ್ಟು ಸ್ಫೋಟಿಸಿದ ನಂತರದ 2 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಹೆಚ್ಚುಕಡಿಮೆ ಐದು ಪಟ್ಟಾಗುತ್ತದೆ. ಗಟ್ಟಿಮುಟ್ಟಾಗಿರುವವನು ಎಂದೋ ಒಮ್ಮೆ ರೇಗಿದರೆ ಇದು ದೊಡ್ಡ ಅಪಾಯವಲ್ಲ. ಹೃದ್ರೋಗವಿದ್ದೂ ದಿನಕ್ಕೆ ಐದು ಸಲ ಸಿಡಿಯುವವನ ಲೆಕ್ಕ ಬೇರೆ. ಮೂಗು ಊದಿಸಿಕೊಂಡು ಮೂಲೆಯಲ್ಲಿ ಕೂರುವುದಕ್ಕೂ ಮನೆಯ ಹಂಚು ಹಾರುವಂತೆ ಕೂಗುವುದಕ್ಕೂ ಇಷ್ಟು ಅಂತರವಿದೆಯೆಂದು ಗೊತ್ತಾದಮೇಲೆ ನಾನು ಮೊದಲನೆಯದನ್ನೇ ಸಾಧನೆ ಮಾಡುತ್ತಿದ್ದೇನೆ.

ಮನೆಯವಳ ರೋಗನಿದಾನ ಬೇರೆಯೇ ಇದೆ. ಅರೇಬಿಕಾ ಕಾಫಿಯನ್ನು ಮಾರಿ ರೊಬಸ್ಟಾ ಕಾಫಿಯನ್ನು ಮನೆಯಲ್ಲಿ ಕುಡಿಯುವವನು ನಾನು, ರೊಬಸ್ಟಾದಲ್ಲಿ ನಿದ್ದೆಗೆಡಿಸುವ ಕೆಫೀನು ಸುಮಾರು ಎರಡು ಪಟ್ಟು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧದಷ್ಟು ಕೆಫೀನು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುತ್ತದೆ. ನಿದ್ದೆಗೆಟ್ಟವನ ಬೆಳಗಿನ ಮುಖವನ್ನು ಮಳೆಯ ಲೆಕ್ಕಕ್ಕೆ ಬರೆಯಬೇಡಿ ಎನ್ನುತ್ತಾಳೆ.

ಕಕ್ಕಡ ಹದಿನೆಂಟರಂದು ಅವಳು ಮದ್ದುಸೊಪ್ಪಿನ ಪಾಯಸ ಮಾಡಿದ್ದಳು. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನೇರಳೆ ಬಣ್ಣದ ಪಾಯಸವನ್ನು ಬಡಿಸಿಕೊಳ್ಳುತ್ತಾ, ಹದಿನೆಂಟರಲ್ಲಿ ಸಿಡುಕಿಗೂ ಒಂದಿದೆಯೇ ಎಂದು ಕೇಳಿದೆ. ಅವಳು ನನ್ನ ಮುಖವನ್ನೊಮ್ಮೆ ದಿಟ್ಟಿಸಿ, ಉತ್ತರ ಕೊಡದೆ ಒಳಗೆ ಹೋಗಿ, ತಿಂಗಳ ದಿನಸಿ ಚೀಟಿಯನ್ನು ತಂದು ತಟ್ಟೆಯ ಪಕ್ಕದಲ್ಲಿಟ್ಟಳು. 'ಪಾಯಸ ಆಮೇಲೆ ತಿನ್ನಿ. ಗಂಟು ಬಿಚ್ಚುವ ಮೊದಲು ಇದನ್ನೊಂದು ನೋಡಿಬಿಡಿ.'