ಧೈರ್ಯ ಎಲ್ಲಿಂದ ತರಬೇಕು?

ಮನಸ್ಸು ಕುಗ್ಗಿದರೆ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ ಎಂದು ರೋಗಿಗಳ ಮನೋಬಲದ ಬಗ್ಗೆ ಈಚೆಗೆ ಓದಿದ ಲೇಖನವೊಂದು ಹೇಳಿದ್ದನ್ನು ಒಪ್ಪುತ್ತೇನೆ. ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿ ನೋಡಿದ್ದರು. ಮಾನಸಿಕ ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗುಲುವುದು ಹೆಚ್ಚಿತ್ತು.

ಆದರೆ ‘ರೋಗಿ ಧೈರ್ಯದಿಂದಿರಬೇಕು’ ಎಂದು ಅಲ್ಲಿಗೇ ಮುಗಿಸಿದ್ದು ಸರಿ ಕಾಣಲಿಲ್ಲ. ಕ್ಷಯ ತಗುಲಿದವರ ತಟ್ಟೆ, ಲೋಟ ಬೇರೆ ಇಡುವ ಮನೆಗಳು ನಮ್ಮ ದಾವಣಗೆರೆಯಲ್ಲಿ ಇಂದಿಗೂ ಇವೆ. ಕ್ಷಯ ಹರಡುವುದು ಗಾಳಿಯಿಂದಲೇ ಹೊರತು ತಟ್ಟೆಯಿಂದಲ್ಲ. ಮದುವೆಯ ವಯಸ್ಸಿನ ಹುಡುಗಿಯಾದರಂತೂ ಕಾಯಿಲೆಯ ಹೆಸರನ್ನೇ ಎತ್ತುವಂತಿಲ್ಲ, ಮಾತ್ರೆಯನ್ನೂ ಬಚ್ಚಿಟ್ಟು ನುಂಗಬೇಕು! ಸಾಮಾನ್ಯ ಕ್ಷಯಕ್ಕೇ ಆರು ತಿಂಗಳ ಚಿಕಿತ್ಸೆ. ಅಷ್ಟು ಕಾಲ ಒಬ್ಬರನ್ನು ಮೂಲೆಗೆ ತಳ್ಳಿ, ಧೈರ್ಯ ತಂದುಕೋ ಎಂದರೆ ಅವರು ಎಲ್ಲಿಂದ ತರಬೇಕು? ಮನಸ್ಸು ಸೋತವರು ನಿದ್ರೆ, ಊಟ ಬಿಡುತ್ತಾರೆ, ಕೊನೆಗೆ ಮಾತ್ರೆಯನ್ನೂ ಬಿಡುತ್ತಾರೆ. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೇ ಬಗ್ಗದಂತಾಗುವ ಅಪಾಯವಿದೆ.

ಲೇಖಕರು ಮನೆಯವರಿಗೂ ನಾಲ್ಕು ಮಾತು ಬರೆಯಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನೂ ಸೇರಿಸಲಿ. ಅಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.