ದುಡ್ಡು ಕೊಟ್ಟು ತರುವ ಡಾಕ್ಟರೇಟ್ ನಮ್ಮ ಸಭಾಪಾಲಕರಿಗೆ ಬೇಡ

ಈಚೆಗೆ ಕೂಟಗಳ ಆಮಂತ್ರಣ ಪತ್ರಿಕೆಗಳಲ್ಲಿ ಸಭಾಪಾಲಕರ (ಪಾಸ್ಟರ್‌ಗಳ) ಹೆಸರಿನ ಹಿಂದೆ 'ರೆವ್. ಡಾ.' ಎಂದು ಅಚ್ಚಾಗುವುದು ಹೆಚ್ಚಾಗಿದೆ. ವರ್ಷಗಟ್ಟಲೆ ಓದಿ, ಪ್ರಬಂಧ ಬರೆದು ಪದವಿ ಪಡೆದವರಿಗೆ ನನ್ನ ನಮಸ್ಕಾರ. ನನ್ನ ತಕರಾರು ಇರುವುದು ಹೋಟೆಲ್ ಸಭಾಂಗಣದಲ್ಲಿ ನಿಲುವಂಗಿ ತೊಡಿಸಿ, ಫೋಟೊ ತೆಗೆಸಿ, 'ದೈವಿಕ ಸೇವೆಗಾಗಿ' ಗೌರವ ಡಾಕ್ಟರೇಟ್ ಹಂಚುವ ಸಂಸ್ಥೆಗಳ ಬಗ್ಗೆ. ಅಂಥದ್ದೊಂದು ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ, ವಿದೇಶಿ ಹೆಸರು. ಪದವಿ ಪಡೆದ ಮನುಷ್ಯ ಯಾವ ಊರಿನಲ್ಲಿ ಏನು ಮಾಡಿದರೆಂಬ ಒಂದು ಸಾಲೂ ಅದರಲ್ಲಿರಲಿಲ್ಲ. 'ನೋಂದಣಿ ಶುಲ್ಕ'ದ ರಸೀದಿ ಮಾತ್ರ ಜೊತೆಗಿತ್ತು.

ಸೇವೆಗೆ ಗೌರವ ಪದವಿ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಚಮ್ಮಾರಿಕೆ ಮಾಡಿಕೊಂಡಿದ್ದ, ಕಾಲೇಜು ಮೆಟ್ಟಿಲು ಹತ್ತದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. 1807ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಆಫ್ ಡಿವಿನಿಟಿ ಎಂಬ ದೈವಶಾಸ್ತ್ರದ ಗೌರವ ಪದವಿ ಕೊಟ್ಟಿತು. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದವರೂ ಅವರೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ, ಕೊಡಗಿನ ಆನಂದಪುರದಲ್ಲಿ ಸಭೆ ಕಟ್ಟಿದ ಹರ್ಮನ್ ಮೋಗ್ಲಿಂಗರಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಡಾಕ್ಟರೇಟ್ ಕೊಟ್ಟಿದ್ದು ಅವರ ಕನ್ನಡ ಕೆಲಸಕ್ಕೆ. ಅದೇ ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲರನ್ನೂ ಗೌರವಿಸಿತು. ಅಷ್ಟರಲ್ಲಾಗಲೇ ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಎರಡು ವರ್ಷ ಕಳೆದಿತ್ತು. ಈ ಮೂವರ ಕೆಲಸವನ್ನು ಯಾರು ಬೇಕಾದರೂ ಕೈಗೆತ್ತಿಕೊಂಡು ಓದಿ ತೂಗಬಹುದಿತ್ತು, ಇವತ್ತಿಗೂ ತೂಗಬಹುದು.

ಪದವಿ ಕೊಡುವವರಿಗೂ ಅಧಿಕಾರವಿರಬೇಕು. ಕೇರಿಯವರೂ ಸಂಗಡಿಗರೂ 1818ರಲ್ಲಿ ಬಂಗಾಳದಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ ಪದವಿ ಕೊಡಲು 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದು ಸಿಕ್ಕಿತು, 1918ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ನಮ್ಮ ಮಂಗಳೂರು ಬಲ್ಮಠದ ದೈವಶಾಸ್ತ್ರ ಕಾಲೇಜಿನ ವಿದ್ಯಾರ್ಥಿಗಳಿಗೆ ಪದವಿ ಬರುವುದು ಅಲ್ಲಿಂದಲೇ, ಗೌರವ ಡಾಕ್ಟರೇಟನ್ನೂ ಅದು ಕೊಡುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯಿದೆಯ 22ನೇ ಕಲಂ ಸ್ಪಷ್ಟವಾಗಿದೆ: ಕಾನೂನಿನ ಅಧಿಕಾರವಿಲ್ಲದವರು ಪದವಿ ಕೊಡುವಂತಿಲ್ಲ. ಹೋಟೆಲ್ ಸಭಾಂಗಣದವರಿಗೆ ಇಂಥ ಯಾವ ಅಧಿಕಾರವಿದೆ?

ನನಗೆ ಹೆಚ್ಚು ನೋವಾಗುವುದು ಹಳ್ಳಿ ಸಭೆಗಳ ಪಾಲಕರನ್ನು ನೆನೆದಾಗ. ಭಾನುವಾರ ಒಂದೂರಿನ ಆರಾಧನೆ ಮುಗಿಸಿ, ಬೈಬಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಳೆಯಲ್ಲೇ ಮುಂದಿನ ಊರಿಗೆ ಬೈಕ್ ಓಡಿಸುವವರು ಅವರು. ಮಧ್ಯರಾತ್ರಿ ಫೋನ್ ಬಂದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾರೆ. ಅವರ ಹೆಸರನ್ನು ಶಿಫಾರಸು ಮಾಡುವವರೇ ಇಲ್ಲ. ಶಿಫಾರಸು ಹೋದರೂ ಹುದ್ದೆಯಲ್ಲಿ ದೊಡ್ಡವರದ್ದೇ ಹೋಗುತ್ತದೆ.

ಹಾಗಾಗಿ ಸಭಾ ಸಮಿತಿಯ ಹಿರಿಯರಲ್ಲಿ ನನ್ನ ವಿನಂತಿ. ಮುಂದಿನ ಸನ್ಮಾನದ ಬ್ಯಾನರ್‌ಗೆ ಒಪ್ಪಿಗೆ ಕೊಡುವ ಮೊದಲು, ಪದವಿ ಕೊಟ್ಟವರು ಯಾರು, ಹಣ ಪಡೆದರೇ ಎಂದು ನೇರವಾಗಿ ಕೇಳಿ. ನಿಮ್ಮ ಪಾಲಕರು ನಿಜಕ್ಕೂ ದುಡಿದವರಾಗಿದ್ದರೆ ಅವರು ಮಾಡಿದ ಕೆಲಸವನ್ನು ಊರು, ವರ್ಷ ಸಮೇತ ಎರಡು ಪುಟ ಬರೆದು, ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಮೂಲಕ ಸೆರಾಂಪುರಕ್ಕೆ ಕಳುಹಿಸಿ. ಬರೆಯಲು ಯಾರೂ ಸಿಗದಿದ್ದರೆ ನನಗೆ ತಿಳಿಸಿ, ನಾನೇ ಬಂದು ಕುಳಿತು ಬರೆದುಕೊಡುತ್ತೇನೆ.